ಖಾತುನಬಿಯ ಅರಳೆ

ಹಳೇ ಹುಬ್ಬಳ್ಳಿಯ ಪಿಂಜಾರರ ಓಣಿಯಲ್ಲಿ ಗೌಸಮೊದ್ದೀನನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಊರಿಗೊಂದು ದಾರಿಯಾದರೆ ಇವನಿಗೊಂದು ದಾರಿ. ಜನರೆಲ್ಲ ಕುರಿ ಮಾಂಸವನ್ನು ಒಲೆಯ ಮೇಲೆ ಬೇಯಿಸಿದರೆ ಇವನು ಹಾಸಿಗೆ ತುಂಬುವ ಅರಳೆಯಲ್ಲಿ ಬೇಯಿಸುತ್ತಿದ್ದ.

ಈ ವಿದ್ಯೆ ಕಲಿತದ್ದು ಎರಡನೆಯ ಮಹಾಯುದ್ಧದಲ್ಲಿ. ಪಲ್ಟನ್ನಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ತಿಕ್ಕುತ್ತ ಕಡಲಾಚೆಯ ಹೈಫಾ ಬಂದರಿನವರೆಗೆ ಹೋಗಿದ್ದ. ಅಲ್ಲಿಯ ಮುದುಕಿಯೊಬ್ಬಳು ಎಳೆ ಕುರಿಯ ತೊಡೆಗೆ ಬೆಳ್ಳುಳ್ಳಿ, ನಿಂಬೆರಸ, ಉಪ್ಪುನೀರಿನಲ್ಲಿ ನೆನೆದ ಆಲಿವ್ ಕಾಯಿ, ಗುಡ್ಡದಲ್ಲಿ ಬೆಳೆಯುವ ಒಂದು ಕಂಪಿನ ಎಲೆ ಹಾಕಿ, ಒಂದು ಕುದಿ ಬರಿಸಿ, ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುಗಿದಿಡುತ್ತಿದ್ದಳು. ಮುಂಜಾನೆ ಇಟ್ಟರೆ ಸಂಜೆಗೆ ಮಾಂಸ ಎಲುಬು ಬಿಟ್ಟಿರುತ್ತಿತ್ತು. ಊರಿಗೆ ಮರಳಿದ ಮೇಲೆ ಗೌಸಮೊದ್ದೀನ ಹುಲ್ಲನ್ನೇಕೆ ಹುಡುಕಲಿ? ಪಿಂಜಾರನ ಮನೆಯಲ್ಲಿ ಅರಳೆಗೇನು ಬರ? ಆಲಿವ್ ಬದಲು ಹುಳಿ ಕವಳಿಕಾಯಿ, ಆ ಗುಡ್ಡದ ಎಲೆಯ ಬದಲು ಅಜವಾನ. ಖಾರ ಮಾತ್ರ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಓಣಿಯವರು ಮೊದಲು ಮೂಗು ಮುರಿದರು, ಆಮೇಲೆ ಬಟ್ಟಲು ಹಿಡಿದು ಬಂದರು.

ಅವನ ಹೆಂಡತಿ ಖಾತುನಬಿ ನಗುತ್ತಿದ್ದಳು. "ಬೆಂಕಿ ಇಲ್ಲದ ಅಡಗಿ ಅಂದ್ರ ದೆವ್ವದ ಅಡಗಿ ನೋಡ್ರಿ," ಎನ್ನುತ್ತಲೇ ಉಪ್ಪು ಹಾಕುತ್ತಿದ್ದಳು. ಬಿಲ್ಲು ಹಿಡಿದು ಅರಳೆ ಹಿಂಜುವುದರಲ್ಲಿ ಪಳಗಿದ ಕೈ ಅವನದು. ಆದರೆ ಉಪ್ಪು ಹಾಕುವುದು ಮಾತ್ರ ಅವನಿಗೆ ಜನ್ಮದಲ್ಲಿ ನೆನಪಾಗುತ್ತಿರಲಿಲ್ಲ.

ಚೀನಾ ಯುದ್ಧದ ವರ್ಷ ಖಾತುನಬಿ ಜ್ವರ ಬಂದು ತೀರಿಕೊಂಡಳು. ಗೌಸಮೊದ್ದೀನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಓಣಿಯ ಹೆಂಗಸರು ಅದನ್ನೂ ಆಡಿಕೊಂಡರು. ಸತ್ತವರು ಮಲಗಿದ್ದ ಹಾಸಿಗೆಗೆ ಅಲ್ಲೊಂದು ಕಟ್ಟಳೆ ಇತ್ತು: ಸುಡಬಾರದು, ಮನೆಯಲ್ಲಿ ಇಟ್ಟುಕೊಳ್ಳಬಾರದು, ಯಾರಾದರೂ ಫಕೀರನಿಗೆ ಕೊಟ್ಟುಬಿಡಬೇಕು. ಓಣಿಯ ಹಿರಿಯ ಯಾಕೂಬಸಾಬ ಅದನ್ನು ನೆನಪಿಸಲೆಂದೇ ಬಂದ.

"ಅರಳಿ ಮೈಯ ಕಾವು ಹಿಡಕೊಂಡಿರತದೋ ಗೌಸು. ಅದರ ಮ್ಯಾಲ ಇನ್ನೊಂದು ಜೀವ ಮಲಗಿದ್ರನ ಆ ಕಾವು ಬಿಡತದ. ಅಲ್ಲೀತನಕ ಸತ್ತವರಿಗೆ ಹೋಗಾಕ ಆಗೂದಿಲ್ಲ."

"ಹೋಗೂದು ಬ್ಯಾಡ ಬಿಡ್ರಿ ಕಾಕಾ," ಎಂದ ಗೌಸಮೊದ್ದೀನ.

ಅಂದೇ ಬಾಗಿಲು ಹಾಕಿಕೊಂಡು ಆ ಹಾಸಿಗೆ ಬಿಚ್ಚಿದ. ಅರಳೆಯನ್ನು ಮತ್ತೆ ಹಿಂಜಿ ಹೂವಿನಂತೆ ಹಗುರ ಮಾಡಿದ. ಅಡುಗೆ ಪೆಟ್ಟಿಗೆಯ ಹಳೆಯ ಅರಳೆ ತೆಗೆದು ಇದನ್ನು ತುಂಬಿದ.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಮೊದಲ ಸಲ ಅದರಲ್ಲಿ ಮಾಂಸವಿಟ್ಟ. ಸಂಜೆ ನಮಾಜು ಮುಗಿಸಿ ಬಂದು ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಹೊಡೆಯಿತು. ಒಂದು ತುತ್ತು ಬಾಯಿಗಿಟ್ಟ. ಉಪ್ಪು ಹದವಾಗಿತ್ತು. ಎರಡನೆಯ ತುತ್ತು ಬಾಯಿಯ ಹತ್ತಿರ ಬಂದಾಗ ನೆನಪಾಯಿತು, ತಾನು ಉಪ್ಪು ಹಾಕಿಯೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪಾತ್ರೆ ಬಿಟ್ಟು ಓಡುತ್ತಿದ್ದರು. ಇವನಿಗೆ ಹಿಗ್ಗು. ಗೋಡೆಗೆ ಒರಗಿ ಕೂತು ಪಾತ್ರೆ ಖಾಲಿ ಮಾಡಿದ.

ಆಮೇಲೆ ಪೆಟ್ಟಿಗೆ ಆರಲೇ ಇಲ್ಲ. ಒಳಗೆ ಏನೂ ಇಡದಿದ್ದರೂ ಬೆಚ್ಚಗೇ ಇರುತ್ತಿತ್ತು. ಅದರ ಮುಚ್ಚಳದ ಮೇಲೆ ಮಲಗುತ್ತಿದ್ದ ಬೆಕ್ಕು ಒಂದು ದಿನ ಎದ್ದು ರೋಮ ನಿಮಿರಿಸಿ, ನಿಂತ ಹೆಂಗಸಿನ ಮುಖ ಇರುವಷ್ಟು ಎತ್ತರಕ್ಕೆ ದಿಟ್ಟಿಸಿ ನೋಡಿತು. ಮತ್ತೆ ಆ ಮನೆಯ ಕಡೆ ಸುಳಿಯಲಿಲ್ಲ. ಅರಳೆಯ ನಡುವೆ ತಲೆಯಿಟ್ಟು ಮಲಗಿದ ಹಾಗೆ ಒಂದು ಗುಳಿ ಬೀಳುತ್ತಿತ್ತು. ಕೈಯಾಡಿಸಿ ಸರಿಮಾಡಿದರೆ ಮರುದಿನ ಮತ್ತೆ ಗುಳಿ. ಗೌಸಮೊದ್ದೀನ ಕೇಶ್ವಾಪುರದ ಸಾಹುಕಾರರ ಗಾದಿ ಕೆಲಸ ಬಿಟ್ಟ. ಬಿಲ್ಲು ಗೋಡೆಗೆ ತೂಗಿತು. ಹಗಲೆಲ್ಲ ಪೆಟ್ಟಿಗೆಯ ಪಕ್ಕ ಕೂತು ಮಾತಾಡುತ್ತಿದ್ದ, ನಡುನಡುವೆ ಸುಮ್ಮನಾಗಿ ಕಿವಿಗೊಡುತ್ತಿದ್ದ. ಬಟ್ಟಲು ಹಿಡಿದು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಮಗಳು ಸಿತಾರಾಳನ್ನು ರಾಯಾಪುರಕ್ಕೆ ಕೊಟ್ಟಿತ್ತು. ಮುಂದಿನ ವರ್ಷ ಚಳಿಗಾಳಿ ಬಿಟ್ಟ ಹೊತ್ತಿಗೆ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂರಲೆಂದು ಪೆಟ್ಟಿಗೆಯ ಮೇಲೆ ಕೈಯೂರಿದವಳು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಒಳಗ ಏನ್ ಇಟ್ಟೀಯಪಾ? ಇಷ್ಟು ಕಾವು ಹತ್ತತದ!"

"ಏನೂ ಇಲ್ಲ. ನಿಮ್ಮವ್ವನ ಹಾಸಗಿ ಅರಳಿ."

ಸಿತಾರಾ ಎರಡು ಹೆಜ್ಜೆ ಹಿಂದೆ ಸರಿದಳು. "ಯಾರಿಗರೆ ಕೊಟ್ಟು ಬಿಡಪಾ. ಅವ್ವ ಹೋಗಲಿ."

"ನೀ ಗಂಡನ ಮನಿಗೆ ಹೋದಿ. ಆಕಿನೂ ಹೋದ್ರ ನನಗ್ಯಾರದಾರ?"

ಸಿತಾರಾ ತನ್ನ ಹಾಸಿಗೆಯನ್ನು ದೂರದ ಗೋಡೆಗೆ ಹಾಸಿಕೊಂಡಳು. ಆದರೂ ಮಧ್ಯಾಹ್ನ ಕಣ್ಣು ಮುಚ್ಚಿದರೆ, ಪೆಟ್ಟಿಗೆಯೊಳಗೆ ಯಾರೋ ಮಗ್ಗಲು ಬದಲಿಸಿದ ಸಪ್ಪಳ ಕೇಳುತ್ತಿತ್ತು.

ದಿನ ತುಂಬುವ ಮೊದಲೇ ಒಂದು ಮುಂಜಾನೆ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಷ್ಟು. ಮೈ ನೀಲಿ, ಅಳುವುದಕ್ಕೂ ತ್ರಾಣವಿಲ್ಲ. ಸೂಲಗಿತ್ತಿ ಸಂಗವ್ವ ಮೈ ತಿಕ್ಕಿದಳು, ಕೆಂಡದ ಹತ್ತಿರ ಹಿಡಿದಳು, ಕಂಬಳಿ ಸುತ್ತಿದಳು. ಕೂಸು ತಣ್ಣಗಾಗುತ್ತಲೇ ಹೋಯಿತು.

"ಕಾವು ನಿಲ್ಲವಲ್ದು ಗೌಸಣ್ಣಾ. ಬೆಚ್ಚನ್ನ ಅರಳ್ಯಾಗ ಇಡಬೇಕ್ರಿ. ಇಲ್ಲಾಂದ್ರ ಹೊತ್ತು ಮುಣುಗೂತನಕ ಉಳಿಯೂದಿಲ್ಲ."

ಬೆಚ್ಚನೆಯ ಅರಳೆ ಆ ಮನೆಯಲ್ಲಿ ಇದ್ದದ್ದು ಒಂದೇ ಕಡೆ. ಸಿತಾರಾ ಚೀರಿದಳು. "ಅದರಾಗ ಬ್ಯಾಡಪಾ! ಅವ್ವ ಕೂಸಿನ್ನ ಕರಕೊಂಡು ಹೋಗತಾಳ!"

ಗೌಸಮೊದ್ದೀನನಿಗೆ ಆ ಭಯವಿರಲಿಲ್ಲ. ಖಾತುನಬಿ ಎಂಥವಳೆಂದು ಅವನಿಗೆ ಗೊತ್ತಿತ್ತು. ಅವನ ಎದೆ ಹಿಂಡಿದ್ದು ಯಾಕೂಬಸಾಬನ ಮಾತು. ಇನ್ನೊಂದು ಜೀವ ಮಲಗಿತೆಂದರೆ ಮುಗಿಯಿತು. ಅವನು ಪೆಟ್ಟಿಗೆಯನ್ನು ನೋಡಿದ, ಕೂಸನ್ನು ನೋಡಿದ, ಮತ್ತೆ ಪೆಟ್ಟಿಗೆಯನ್ನು ನೋಡಿದ. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಅವನು ಬಹಳ ಹೊತ್ತು ನಿಂತ.

"ಏನ್ ನಿಂತ ನೋಡ್ತೀರಿ? ಲಗೂನ ಮಾಡ್ರಿ!" ಎಂದು ಸಂಗವ್ವ ಗದರಿದಳು.

ಅವನು ಮೊಣಕಾಲೂರಿ ಮುಚ್ಚಳ ತೆಗೆದ. ಬಾಗಿ, ಅರಳೆಗೆ ಬಾಯಿ ಹಚ್ಚಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದ: "ಖಾತುನಾ, ಮೊಮ್ಮಗಳು ಬಂದಾಳ. ಜಾಗಾ ಬಿಡು."

ಕೂಸನ್ನು ಆ ಗುಳಿಯಲ್ಲಿ ಮಲಗಿಸಿದ. ಸುತ್ತಲಿನ ಅರಳೆ ಮೆಲ್ಲಗೆ ಮೇಲೆದ್ದು ಕೂಸಿನ ಕುತ್ತಿಗೆಯವರೆಗೆ ಕೂಡಿಕೊಂಡಿತು, ಯಾವ ಕೈಯೂ ಅದನ್ನು ಮುಟ್ಟಿರಲಿಲ್ಲ. ಸಂಗವ್ವ "ಶಿವ ಶಿವಾ" ಎಂದು ಮುಖ ತಿರುಗಿಸಿದಳು.

ಮಧ್ಯಾಹ್ನಕ್ಕೆ ಕೂಸಿನ ತುಟಿಗೆ ಬಣ್ಣ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಮನೆ ಹಾರಿಹೋಗುವಂತೆ ಅತ್ತಿತು. ಸಿತಾರಾ ಎತ್ತಿ ಎದೆಗೆ ಹಚ್ಚಿಕೊಂಡರೆ ಹಂಚಿನಿಂದ ಈಗಷ್ಟೇ ತೆಗೆದ ರೊಟ್ಟಿಯಂತೆ ಬೆಚ್ಚಗಿತ್ತು. ಅವಳು ನಕ್ಕಳು, ಸಂಗವ್ವನೂ ನಕ್ಕಳು.

ಗೌಸಮೊದ್ದೀನ ಖಾಲಿ ಪೆಟ್ಟಿಗೆಯೊಳಗೆ ಕೈಯಿಟ್ಟ. ತಣ್ಣಗಿತ್ತು. ಮೊಣಕೈವರೆಗೆ ಕೈ ಇಳಿಸಿ ತಳದಲ್ಲಿ ಹುಡುಕಿದ, ಮೂಲೆ ಮೂಲೆಯಲ್ಲಿ ಹುಡುಕಿದ. ಅಂಗಡಿಯಲ್ಲಿ ಸಿಗುವ ಯಾವುದೇ ಅರಳೆಯ ಹಾಗೆ ತಣ್ಣಗಿತ್ತು. ಅವನು ಅಲ್ಲೇ ನೆಲಕ್ಕೆ ಕುಸಿದು ಬಾಯಿ ಬಡಿದುಕೊಂಡು ಅಳತೊಡಗಿದ.

ಓಣಿಗೆಲ್ಲ ಆ ಅಳು ಕೇಳಿತು. ಕೂಸಿನ ಕಥೆ ಮುಗಿಯಿತೆಂದೇ ಜನ ತಿಳಿದರು. ಯಾಕೂಬಸಾಬ ತಲೆಗೆ ಟೋಪಿ ಇಟ್ಟುಕೊಂಡು ಓಡಿ ಬಂದು ಹೊಸ್ತಿಲಲ್ಲಿ ನಿಂತ.

"ಹೋತೇನೋ ಕೂಸು?"

"ಕೂಸು ಛಲೋ ಐತ್ರಿ ಕಾಕಾ," ಎಂದ ಗೌಸಮೊದ್ದೀನ. "ಖಾತುನಾ ಹೋದಳು."