ಮಲಗಿದ ಬೈಕ್ ಎತ್ತುವ ಭಾನುವಾರ

ಬಿದ್ದ ಬೈಕನ್ನು ಅದರ ಸವಾರರೇ ಎತ್ತಿ ನಿಲ್ಲಿಸಬೇಕು, ಬೇರೆಯವರ ಕೈ ತಾಗಬಾರದು. ಕೊಚ್ಚಿಯ ಆ ಗುಂಪಿಗೆ ಇದ್ದದ್ದು ಇದೊಂದೇ ನಿಯಮ. ದೂರದ ಪ್ರವಾಸಕ್ಕೆ ಮೊದಲು ಒಂದು ಭಾನುವಾರ ಎಲ್ಲರೂ ಸಾಮಾನು ತುಂಬಿದ ತಮ್ಮ ಬೈಕನ್ನು ನೆಲಕ್ಕೆ ಮಲಗಿಸಿ, ಮತ್ತೆ ಎತ್ತಿ ತೋರಿಸಬೇಕಿತ್ತು. ಎತ್ತಲಾಗದವರು ಆ ವರ್ಷ ಮನೆಯಲ್ಲಿ ಉಳಿಯುತ್ತಿದ್ದರು.

ಎರಡು ಸಾವಿರದ ದಶಕದಲ್ಲಿ ಅಂಥ ಬೈಕುಗಳು ನಮ್ಮ ರಸ್ತೆಗಳಲ್ಲಿ ಅಪರೂಪ. ಟಾರು ರಸ್ತೆಗೂ ಕಲ್ಲುದಾರಿಗೂ ಒಗ್ಗುವಂತೆ ಮಾಡಿದ ಗಾಡಿಗಳು ಅವು. ಎಮ್ಮೆಯಂಥ ಮೈ, ಎದೆಮಟ್ಟದ ಟ್ಯಾಂಕ್, ಎತ್ತರದ ಸೀಟು, ಹಿಂದೆ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ. ಗಲ್ಫ್‌ನಿಂದ ಮರಳಿದವರು ಒಬ್ಬೊಬ್ಬರಾಗಿ ತಂದದ್ದು ಸೇರಿ ಊರಿನಲ್ಲಿ ಆರೇಳು ಇದ್ದವೇನೋ. ಅವುಗಳ ಒಡೆಯರೆಲ್ಲ ಒಬ್ಬ ನಿವೃತ್ತ ಹಡಗಿನ ಕ್ಯಾಪ್ಟನ್ನರ ಸುತ್ತ ಸೇರಿಕೊಂಡಿದ್ದರು. ನಿಯಮ ಅವರದೇ. ಒಮ್ಮೆ ಹಿಮಾಚಲದ ಘಾಟಿಯೊಂದರಲ್ಲಿ ಗುಂಪಿನ ಒಬ್ಬ ಬಿದ್ದಿದ್ದ. ಮುಂದೆ ಹೋದವರಿಗೆ ಗೊತ್ತಾಗಲಿಲ್ಲ. ಬೈಕ್ ಎತ್ತಲಾಗದೆ ಆತ ಅದರ ಪಕ್ಕದಲ್ಲೇ ಕತ್ತಲಾಗುವವರೆಗೆ ಚಳಿಯಲ್ಲಿ ಕುಳಿತಿದ್ದ. ಅಂದಿನಿಂದ ಕ್ಯಾಪ್ಟನ್ ಯಾರ ಮಾತಿಗೂ ನಿಯಮ ಸಡಿಲಿಸಿದವರಲ್ಲ.

ನಾನು ಕಾಸರಗೋಡಿನಿಂದ ಬಂದು ಕೊಚ್ಚಿಯ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ. ಬಂದರಿನ ಸುದ್ದಿ ನನ್ನ ಪಾಲಿನದು. ಒಂದು ದಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಶೆಡ್ಡಿನ ಮುಂದೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಪಕ್ಕದಲ್ಲಿ ದೊಡ್ಡದೊಂದು ಮರದ ಪೆಟ್ಟಿಗೆ ಬಿಚ್ಚಿಸುತ್ತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು.

“ಕಾಸರಗೋಡಾ?”

“ಹೌದು. ಹೇಗೆ ಗೊತ್ತಾಯ್ತು?”

“ಅಷ್ಟೊತ್ತಿಂದ ಬರೀ ‘ಎಂತ, ಎಂತ’ ಅಂತಿದ್ರಲ್ಲ. ನಾವು ಮೈಸೂರಿನೋರು. ಸ್ವಲ್ಪ ಈ ಹಲಗೆ ಹಿಡ್ಕೋತೀರಾ?”

ಹಲಗೆ ಹಿಡಿದೆ. ಒಳಗಿಂದ ಬೈಕ್ ಹೊರಬಂತು. ಅವರ ಗಂಡನದೋ ಮಗನದೋ ಇರಬೇಕು ಎಂದುಕೊಂಡೆ, ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದಾಯಿತು. ಮಸ್ಕತ್ತಿನಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಅವರು ಅಲ್ಲಿನ ಗುಡ್ಡದಾರಿಗಳಲ್ಲಿ ಆ ಬೈಕನ್ನು ವರ್ಷಗಟ್ಟಲೆ ಓಡಿಸಿದ್ದರು. ಈಗ ಕೆಲಸ ಬಿಟ್ಟು, ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ಗಂಡನ ಬಳಿಗೆ ಬಂದಿದ್ದರು. ವಯಸ್ಸು ನಲವತ್ತೈದರ ಮೇಲೆ. ಎತ್ತರ ನನ್ನ ಭುಜದಷ್ಟು. ಸೀಟಿನ ಮೇಲೆ ಕೂತರೆ ಎರಡು ಕಾಲೂ ನೆಲಕ್ಕೆ ಎಟುಕುತ್ತಿರಲಿಲ್ಲ. ನಿಲ್ಲುವಾಗ ಸೀಟಿನಿಂದ ಒಂದು ಬದಿಗೆ ಜಾರಿ ಎಡಗಾಲು ಮಾತ್ರ ಊರುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತ ಬಸ್ಸುಗಳ ಕಿಟಕಿಯಿಂದ ಜನ ಬಗ್ಗಿ ನೋಡುತ್ತಿದ್ದರು.

ಮುಂದಿನ ವರ್ಷದ ಹೊತ್ತಿಗೆ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ನೀನು ಎನ್ನುತ್ತಿದ್ದರು. ಆ ವರ್ಷ ಗುಂಪು ಲಡಾಖ್‌ಗೆ ಹೊರಟಿತ್ತು. ಅಕ್ಕನಿಗೆ ಹೋಗಲೇಬೇಕಿತ್ತು. ಮಸ್ಕತ್ತಿನಲ್ಲಿದ್ದಾಗಿನಿಂದ ಗೋಡೆಯ ಮೇಲೆ ಅಂಟಿಸಿಕೊಂಡಿದ್ದ ನಕ್ಷೆ ಅದು. ಒಂಟಿಯಾಗಿ ಹೋಗಲು ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. ಗುಂಪಿನ ಜೊತೆಯಾದರೆ ಹೋಗಬಹುದು, ಗುಂಪಿಗೆ ಸೇರಬೇಕಾದರೆ ಬೈಕ್ ಎತ್ತಬೇಕು. ಸಾಮಾನು ಸೇರಿ ಗಾಡಿಯ ತೂಕ ಅವರ ತೂಕದ ನಾಲ್ಕೈದು ಪಟ್ಟು.

ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದಾಗ ಅವರ ಅಭ್ಯಾಸವನ್ನು ಕಣ್ಣಾರೆ ನೋಡಿದೆ. ಕ್ವಾರ್ಟರ್ಸಿನ ಹಿತ್ತಲಿನಲ್ಲಿ ಹಳೆಯ ಹತ್ತಿಯ ಹಾಸಿಗೆ ಹಾಸಿ, ಅದರ ಮೇಲೆ ಬೈಕನ್ನು ಬಲಮಗ್ಗುಲಿಗೆ ಮಲಗಿಸಿದ್ದರು. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ. ಬಲಕ್ಕೆ ಬಿದ್ದಾಗ ಅದನ್ನು ಮೊದಲೇ ಚಾಚಿಟ್ಟರೆ, ಎತ್ತಿದ ಬೈಕ್ ಆ ಕಡೆಗೆ ಉರುಳದೆ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಈ ಲೆಕ್ಕಾಚಾರ ಗಂಡನದು.

“ಅಪಾಯ ಕಮ್ಮಿ ಇರೋ ಕಡೆ ಅಭ್ಯಾಸ ಮಾಡ್ಬೇಕು ಕಣೇ,” ಎಂದರು ಗಂಡ, ಲುಂಗಿ ಎತ್ತಿ ಕಟ್ಟಿಕೊಂಡು.

“ಬೀಳೋವಾಗ ನಿಮ್ಮನ್ನ ಕೇಳಿ ಬೀಳುತ್ತಾ ಅದು?”

“ಪರೀಕ್ಷೇಲಿ ನೀನೇ ತಾನೇ ಮಲಗ್ಸೋದು? ಬಲಕ್ಕೇ ಮಲಗ್ಸು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮಲಯಾಳದಲ್ಲಿ, “ಇಬ್ಬರಿಗೂ ಹುಚ್ಚು, ಪಕ್ಕದ ಮನೆ ಆಂಟಿ ಹಾಸಿಗೆ ಯಾಕೆ ಹೊರಗೆ ಅಂತ ಕೇಳ್ತಿದ್ದಾರೆ,” ಎಂದು ಒಳಗೆ ಹೋದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಅಕ್ಕ ಎತ್ತುವ ರೀತಿ ನೋಡುವಂತಿತ್ತು. ಬೈಕಿಗೆ ಮುಖ ಮಾಡಿ ಬಗ್ಗುತ್ತಿರಲಿಲ್ಲ. ಸೀಟಿನ ಅಂಚಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಒಂದು ಕೈ ಹ್ಯಾಂಡಲ್ಲಿನ ಮೇಲೆ, ಇನ್ನೊಂದು ಹಿಂದಿನ ಕಂಬಿಯ ಮೇಲೆ. ತೋಳಿನಿಂದ ಎಳೆಯದೆ, ಕಾಲಿನಿಂದ ನೆಲವನ್ನು ಒತ್ತುತ್ತ, ಗೇಣುಗೇಣಾಗಿ ಹಿಂದಕ್ಕೆ ನಡೆಯುತ್ತಿದ್ದರು. ಬೈಕ್ ಅವರ ಬೆನ್ನ ಮೇಲೇರಿ ಬಂದಂತೆ ಕಾಣುತ್ತಿತ್ತು. ಕೆಲವೊಮ್ಮೆ ಅರ್ಧಕ್ಕೆ ಬಂದು ಮತ್ತೆ ಹಾಸಿಗೆಗೆ ಬೀಳುತ್ತಿತ್ತು. ಆಗ ಬೈಯದೆ, ಕೈ ಒರೆಸಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದರು.

ಪರೀಕ್ಷೆ ನಡೆದದ್ದು ವಿಲ್ಲಿಂಗ್ಡನ್ ಐಲ್ಯಾಂಡಿನ ಗೋದಾಮುಗಳ ಹಿಂದಿನ ರಸ್ತೆಯಲ್ಲಿ. ಭಾನುವಾರ ಅಲ್ಲಿ ಓಡಾಟ ಕಡಿಮೆ. ಅಕ್ಕ ಹಿಂದಿನ ದಿನವೇ ಬೈಕಿನಲ್ಲಿ ಬಂದಿದ್ದರು, ಗಂಡ ರೈಲಿನಲ್ಲಿ. ರಸ್ತೆಯಾಚೆ ಚಹಾದಂಗಡಿಯ ಬೆಂಚಿನ ಮೇಲೆ ನೀಲಿ ಅಂಗಿಯ ಹಮಾಲರು ನಾಲ್ಕೈದು ಮಂದಿ ಪುಟ್ಟು ಕಡಲೆ ತಿನ್ನುತ್ತ ತಮಾಷೆ ನೋಡುತ್ತಿದ್ದರು. ಲಾರಿಗೆ ಹೇರುವುದು, ಇಳಿಸುವುದು ಅವರ ಕಸುಬು. ಕೇರಳದಲ್ಲಿ ಭಾರ ಎತ್ತುವುದು ಅವರ ಸಂಘದ ಹಕ್ಕು ಕೂಡ.

ಮೊದಲು ಎತ್ತಿದವನು ಕಾಕ್ಕನಾಡಿನ ಕಂಪನಿಯೊಂದರ ಯುವಕ, ಜಿಮ್ಮಿನಲ್ಲಿ ಬೆಳೆಸಿದ ತೋಳುಗಳವನು. ಹ್ಯಾಂಡಲ್ ಹಿಡಿದು ಒಂದೇ ಉಸಿರಿಗೆ ಎಳೆದು ನಿಲ್ಲಿಸಿದ. ಹಮಾಲರು ಚಪ್ಪಾಳೆ ತಟ್ಟಿದರು. ನಂತರ ಆತ ಅತ್ತ ತಿರುಗಿ ಸೊಂಟ ನೀವಿಕೊಂಡದ್ದನ್ನು ನಾನು ಗಮನಿಸಿದೆ. ಉಳಿದ ಗಂಡಸರೂ ತಿಣುಕಿ ಎತ್ತಿದರು. ಕೊನೆಯ ಸರದಿ ಅಕ್ಕನದು.

ಅಕ್ಕ ಎಂಜಿನ್ ನಿಲ್ಲಿಸಿ, ಬೈಕನ್ನು ಮೆಲ್ಲಗೆ ಬಲಕ್ಕೆ ಮಲಗಿಸಿದರು. ಸೈಡ್ ಸ್ಟ್ಯಾಂಡ್ ಚಾಚಲು ಆಚೆ ಬದಿಗೆ ಹೊರಟರು, ಅಷ್ಟೇ. ಬೆಂಚಿನ ಮೇಲಿದ್ದವರಿಗೆ ಕಂಡದ್ದು ಒಬ್ಬ ಹೆಂಗಸು, ಬಿದ್ದ ಗಾಡಿ, ಸುತ್ತ ಕೈಕಟ್ಟಿ ನಿಂತ ಗಂಡಸರು. ಅಷ್ಟು ಹೊತ್ತು ನೋಡಿದ್ದ ಪರೀಕ್ಷೆಯನ್ನು ಮರೆತು, ತಟ್ಟೆ ಬಿಟ್ಟು ಓಡಿಬಂದರು.

“ಚೇಚೀ, ಮಾರಿಕ್ಕೋ!” ಅಕ್ಕಾ, ಪಕ್ಕಕ್ಕೆ ಸರಿಯಿರಿ ಎಂದು ಮುಂದಿದ್ದವನು ಕೂಗಿದ.

ಗಂಡ ಎರಡೂ ಕೈ ಮೇಲೆತ್ತಿ, “ಮುಟ್ಬೇಡಿ! ಮುಟ್ಬೇಡೀ!” ಎಂದು ಕಿರುಚಿದರು. ಇಪ್ಪತ್ತು ವರ್ಷ ಮಲಯಾಳದಲ್ಲಿ ತರಕಾರಿ ಕೊಂಡ ಮನುಷ್ಯನಿಗೆ ಆ ಕ್ಷಣ ಬಂದದ್ದು ಕನ್ನಡ ಮಾತ್ರ. ಪಾಪ, ಗಾಬರಿಯಾಗಿದ್ದಾನೆ ಎಂದುಕೊಂಡು ಹಮಾಲರು ಇನ್ನೂ ಬೇಗ ಓಡಿದರು. ನಾಲ್ವರು ಕೈ ಹಾಕಿ ಒಂದೇ ಕೂಗಿಗೆ ಎತ್ತಿದರು. ಮೂಟೆ ಎತ್ತುವ ಕೈಗಳು. ಬೈಕ್ ನೆಟ್ಟಗಾಯಿತು, ಅಲ್ಲಿಗೆ ನಿಲ್ಲಲಿಲ್ಲ. ಆಚೆ ಬದಿಯಲ್ಲಿ ಚಾಚಿದ ಸ್ಟ್ಯಾಂಡೂ ಇಲ್ಲ, ಹಿಡಿಯಲು ಜನವೂ ಇಲ್ಲ. ಅಕ್ಕ ಹಿಂದಕ್ಕೆ ಹಾರಿದರು. ಬೈಕ್ ಎಡಮಗ್ಗುಲಿಗೆ ದಡಾರನೆ ಬಿತ್ತು. ಎಡಗನ್ನಡಿ ಚೂರಾಯಿತು, ಕ್ಲಚ್ ಲಿವರಿನ ತುದಿ ಮುರಿದು ದೂರ ಹಾರಿತು.

ಹಮಾಲರ ಮುಖಂಡ, ನರೆಗೂದಲಿನವನು, ತನ್ನ ಖಾಲಿ ಕೈಗಳನ್ನೇ ನೋಡಿಕೊಂಡು ನಿಂತ. “ಅಯ್ಯೋ ಚೇಚೀ...” ಎಂದ. ಅಕ್ಕ ಮೊದಲು ಕೇಳಿದ್ದು, “ಯಾರ ಕಾಲ ಮೇಲೂ ಬೀಳಲಿಲ್ಲ ತಾನೆ?” ಎಂದು.

ಕ್ಯಾಪ್ಟನ್ ಹತ್ತಿರ ಬಂದರು. ಬೇರೆಯವರ ಕೈ ತಾಗಿದೆ, ಲಿವರ್ ಮುರಿದಿದೆ. ಜಿಮ್ಮಿನ ಯುವಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಹೋಗ್ಲಿ ಬಿಡಿ ಕ್ಯಾಪ್ಟನ್. ಲೇಡೀಸ್ ಅಲ್ವಾ. ಎತ್ತಿದ್ದಾರೆ ಅಂತ ಅಂದ್ಕೊಳ್ಳೋಣ. ಅಲ್ಲಿ ಬಿದ್ರೆ ನಾವಿಲ್ವಾ?”

“ಲೇಡೀಸ್ ಅಂತ ನೀನು ಬಿಡಬಹುದು ಮೋನೇ,” ಎಂದರು ಅಕ್ಕ ಮಲಯಾಳದಲ್ಲಿ, ಮಗನನ್ನು ಕರೆದಂತೆ. “ಲಡಾಖ್ ಬಿಡುತ್ತಾ?” ಆಮೇಲೆ ಕ್ಯಾಪ್ಟನ್ನರ ಕಡೆ ತಿರುಗಿದರು. “ಬಿದ್ದಿದೆಯಲ್ಲ, ಇದನ್ನೇ ಎತ್ತುತ್ತೇನೆ.”

“ಎಡಕ್ಕೆ ಅಭ್ಯಾಸ ಇಲ್ಲ ಕಣೇ!” ಎಂದು ಗಂಡ ಕನ್ನಡದಲ್ಲಿ ಪಿಸುಗುಟ್ಟಿದರು. ರಸ್ತೆ ಎಡಕ್ಕೆ ಚರಂಡಿಯತ್ತ ಇಳಿಜಾರಾಗಿತ್ತು. ಅಂದರೆ ಈಗ ಏರಿನ ಕಡೆಗೆ ಎತ್ತಬೇಕು. ಸ್ಟ್ಯಾಂಡ್ ಬೈಕಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು.

“ನೀವು ಹೋಗಿ ಟೀ ಕುಡೀರಿ. ಇಲ್ಲಿದ್ರೆ ಮತ್ತೆ ಕೂಗ್ತೀರ.”

ಅವರು ಹೋಗಲಿಲ್ಲ, ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತರು.

ಅಕ್ಕ ಎತ್ತಲು ಶುರುಮಾಡಲಿಲ್ಲ. ಬೈಕಿನ ಸುತ್ತ ಒಂದು ಸುತ್ತು ಬಂದರು. ಸೀಟಿನ ಹಿಂದೆ ಕಟ್ಟಿದ್ದ ಡೇರೆಯ ಗಂಟು ಬಿಚ್ಚಿ ಪಕ್ಕಕ್ಕಿಟ್ಟರು. ಟ್ಯಾಂಕಿನ ಮೇಲಿನ ಚೀಲ ತೆಗೆದರು. ಮೇಲಕ್ಕಿದ್ದ ಬಲಬದಿಯ ಪೆಟ್ಟಿಗೆಯನ್ನು ತೆರೆದು ನೀರಿನ ಬಾಟಲಿ, ಸ್ಪ್ಯಾನರ್ ಕಟ್ಟು, ಸ್ಟೌ ಒಂದೊಂದಾಗಿ ಹೊರಗಿಟ್ಟು, ಆಮೇಲೆ ಪೆಟ್ಟಿಗೆಯನ್ನೇ ಕಳಚಿದರು. ಕೆಳಗಿದ್ದ ಎಡಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬೈಕ್ ಪೂರ್ತಿ ನೆಲಕ್ಕೆ ಒರಗದಂತೆ ದಿಂಬಿನ ಹಾಗೆ ತಡೆದಿದ್ದದ್ದು ಅದೇ.

“ಅದು ಹೇಗಾಗುತ್ತೆ?” ಎಂದ ಯುವಕ. “ನಾವೆಲ್ಲ ಲೋಡ್ ಸಮೇತ ಎತ್ತಿದೆವು.”

ಎಲ್ಲರೂ ಕ್ಯಾಪ್ಟನ್ನರನ್ನು ನೋಡಿದರು. ಅವರು ಹೊರಗಿಟ್ಟ ಸಾಮಾನನ್ನೂ ಮಲಗಿದ ಬೈಕನ್ನೂ ನೋಡಿದರು. ಅಕ್ಕನ ಲಡಾಖ್ ಅವರ ಒಂದು ಮಾತಿನ ಮೇಲೆ ನಿಂತಿತ್ತು.

“ಲೋಡ್ ಸಮೇತ ಮಲಗಿಸಬೇಕು ಅಂತ ಹೇಳಿದ್ದೆ,” ಎಂದರು ಕೊನೆಗೆ. “ಲೋಡ್ ಸಮೇತ ಎತ್ತಬೇಕು ಅಂತ ಹೇಳಿಲ್ಲ. ಬೇಗ ಎತ್ತಬೇಕು ಅಂತಲೂ ಹೇಳಿಲ್ಲ. ಮುಂದುವರಿಸಿ ಮೇಡಂ.”

ಹಮಾಲರ ಮುಖಂಡ ತನ್ನವರಿಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದ. ತಾನೂ ಕಟ್ಟಿಕೊಂಡ. ಭಾರ ಕಂಡರೆ ಕೈ ತಾನಾಗಿ ಮುಂದೆ ಬರುತ್ತದೆ, ಅದಕ್ಕೆ ಎಂದ.

ಅಕ್ಕ ಎಡಬದಿಯ ಸಂದಿಯಲ್ಲಿ ಕೈ ತೂರಿಸಿ ಬೈಕನ್ನು ಗೇರಿಗೆ ಹಾಕಿದರು, ಚಕ್ರ ಉರುಳಬಾರದೆಂದು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದರು. ಬೆನ್ನು ಕೊಟ್ಟು ಕುಳಿತರು. ಮೊದಲ ಸಲ ಬೈಕ್ ಮೊಣಕಾಲಿನಷ್ಟು ಎದ್ದು ಕುಸಿಯಿತು, ರಸ್ತೆಯ ಸಡಿಲ ಮರಳಿನ ಮೇಲೆ ಅವರ ಬೂಟು ಜಾರಿತ್ತು. ಎದ್ದುಬಂದು ಬೂಟಿನ ತುದಿಯಿಂದ ಮರಳನ್ನು ಪಕ್ಕಕ್ಕೆ ಕೆರೆದರು, ಕಾಲು ಊರುವಷ್ಟೇ ಜಾಗದಲ್ಲಿ. ಎರಡನೆಯ ಸಲ ಕುಳಿತರು.

ಬೈಕ್ ಏಳತೊಡಗಿತು. ಒಂದು ಗೇಣು, ಇನ್ನೊಂದು ಗೇಣು. ಅರ್ಧದಲ್ಲಿ ನಿಂತಿತು. ಅಕ್ಕನ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿತ್ತು. ಅವರು ಜೋರು ಮಾಡಲಿಲ್ಲ. ಅಲ್ಲೇ ಒಂದು ಉಸಿರು ಎಳೆದುಕೊಂಡು, ಬಲಗಾಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು, ಆಮೇಲೆ ಎಡಗಾಲು. ಬೈಕ್ ನೆಟ್ಟಗೆ ನಿಂತ ಗಳಿಗೆಯಲ್ಲೇ ಅವರು ಒತ್ತುವುದನ್ನು ನಿಲ್ಲಿಸಿದರು. ಹಿಮ್ಮಡಿಯಿಂದ ತಡಕಿ ಸ್ಟ್ಯಾಂಡ್ ಚಾಚಿ, ಬೈಕನ್ನು ಅದರ ಮೇಲೆ ಒರಗಿಸಿದರು. ನಾಲ್ವರು ಹಮಾಲರಿಗೆ ನಿಲ್ಲಿಸಲು ಬಾರದ ಜಾಗದಲ್ಲಿ ಅದನ್ನು ಒಬ್ಬರೇ ನಿಲ್ಲಿಸಿದ್ದರು.

ಚಪ್ಪಾಳೆಗೆ ಮುಂಚೆ ಹಮಾಲರು ಬೆನ್ನ ಹಿಂದಿನ ಕೈ ಬಿಡಿಸಿಕೊಳ್ಳಬೇಕಾಯಿತು. ಅಕ್ಕ ಯಾರನ್ನೂ ನೋಡದೆ, ಹೊರಗಿಟ್ಟ ಸಾಮಾನನ್ನು ಒಂದೊಂದಾಗಿ ಮತ್ತೆ ಪೆಟ್ಟಿಗೆಗೆ ತುಂಬತೊಡಗಿದರು. ಕ್ಯಾಪ್ಟನ್ ಮುರಿದ ಲಿವರ್ ತುದಿಯನ್ನು ಹುಡುಕಿ ತಂದು ಅವರ ಕೈಗಿಟ್ಟರು.

“ಹೊರಡೋಕೆ ಮೊದಲು ಹೊಸದು ಹಾಕಿಸಿ. ಇನ್ನೊಂದು ಹೆಚ್ಚಿಗೆ ಇಟ್ಟುಕೊಳ್ಳಿ. ಲೇಹ್‌ನಲ್ಲಿ ಸಿಗಲ್ಲ.”

ಅಷ್ಟೇ ಅವರು ಹೇಳಿದ್ದು. ಗಂಡ ಬಾಯಿಯ ಮೇಲಿನ ಕೈ ತೆಗೆದು, “ಅಂದ್ರೆ ಆಯ್ತು ಅಂತಾನಾ?” ಎಂದು ನನ್ನನ್ನು ಕೇಳಿದರು. ಆಯ್ತು ಎಂದೆ.

ಗುಂಪು ಹೊರಟದ್ದು ಮಳೆ ಶುರುವಾದ ವಾರದಲ್ಲಿ, ಕಳಮಶ್ಶೇರಿಯ ಹೆದ್ದಾರಿಯ ಬದಿಯಿಂದ. ಮಳೆಯಂಗಿ ತೊಟ್ಟ ಸವಾರರನ್ನು ಕ್ಯಾಪ್ಟನ್ ಸಾಲಾಗಿ ನಿಲ್ಲಿಸಿದರು. ಮುಂದೆ ಅವರು, ಅವರ ಹಿಂದೆ ಜಿಮ್ಮಿನ ಯುವಕ, ಹೀಗೆ. ಅಕ್ಕನಿಗೆ ಸಾಲಿನ ಕಟ್ಟಕಡೆಯ ಜಾಗ ತೋರಿಸಿದರು. ಗಂಡನಿಗೆ ಅದು ಸರಿಕಾಣಲಿಲ್ಲ. ಛತ್ರಿ ಹಿಡಿದು ಕ್ಯಾಪ್ಟನ್ನರ ಬಳಿಗೆ ಹೋಗಿ, ಈ ಸಲ ಮಲಯಾಳದಲ್ಲೇ, ಹೊಸಬರನ್ನು ಯಾಕೆ ಕೊನೆಯಲ್ಲಿ ಹಾಕಿದಿರಿ, ಅಲ್ಲಿ ಅವಳು ಬಿದ್ದರೆ ಹಿಂದೆ ಯಾರೂ ಇರುವುದಿಲ್ಲವಲ್ಲ ಎಂದು ಕೇಳಿದರು.

ಕ್ಯಾಪ್ಟನ್ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಹೇಳಿದರು: “ಯಾರೂ ಇರುವುದಿಲ್ಲ ಅಂತಲೇ ಅವರನ್ನು ಅಲ್ಲಿ ಹಾಕಿದ್ದು.”