ಬತ್ತೇರಿ ಬಸ್ಸಿಗೆ ಕಾಯುವ ಮೇಡಂ

ಗುಂಡ್ಲುಪೇಟೆ ಬಸ್‌ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸೆರಗನ್ನು ಕಿವಿಗೆ ಸುತ್ತಿಕೊಂಡು ಈರಮ್ಮ ಮೇಡಂ ಕೇರಳದ ಬತ್ತೇರಿಯಿಂದ ಬರುವ ಬಸ್ಸಿಗೆ ಕಾಯುತ್ತಿದ್ದಾರೆ. ಅವರು ಎಲ್ಲಿಗೂ ಹೊರಟವರಲ್ಲ. ವಯನಾಡಿನಲ್ಲಿ ಕಾಫಿ ಬಿಡಿಸಿ ಮರಳುವವರ ಜೊತೆ ಮೇಡಂ ಕಲಿಸುವ ನಾಲ್ಕನೇ ತರಗತಿಯ ಮಕ್ಕಳೂ ಇಳಿಯಬೇಕು. ಇಂದು ತಾಲ್ಲೂಕು ಪರೀಕ್ಷೆ.

ಬಸ್ಸಿನಿಂದ ಮಂಚಮ್ಮ ಇಳಿಯುತ್ತಾಳೆ. ಹಿಂದೆಯೇ ಪಾತ್ರೆಗಂಟು ಹೊತ್ತ ಮಗಳು ಭವ್ಯ.

“ಕಂದಾಯ ವಸೂಲಿಗ್ ಬಂದಂಗ್ ನಿಂತಿದ್ದೀರಲ್ಲ ಮೇಡಮ್ಮೋರೆ,” ಎಂದು ಮಂಚಮ್ಮ ನಗುತ್ತಾಳೆ. “ಮೂರ್ ತಿಂಗ್ಳಿಂದ ಪುಸ್ತಕ ಮುಟ್ಟಿಲ್ಲ ಇವ್ಳು. ಸೊನ್ನೆ ತಗುದ್ರೆ ನಿಮ್ಗೇ ಕೆಟ್ಟೆಸ್ರು.”

“ನನ್ ಎಸ್ರು ನಾನ್ ನೋಡ್ಕತೀನಿ ಬುಡು. ಮುಖ ತೊಳ್ಕೊಂಡ್ ಬಾ ಕಣಮ್ಮಿ,” ಎಂದು ಈರಮ್ಮ ಭವ್ಯಳನ್ನು ನಲ್ಲಿಯತ್ತ ಕಳಿಸುತ್ತಾರೆ.

ಕೆಟ್ಟ ಹೆಸರು ಆಗಲೇ ಬಂದಿದೆ. ಮಕ್ಕಳ ಅಂಕದ ಸರಾಸರಿಯಿಂದಲೇ ಶಿಕ್ಷಕರನ್ನು ಅಳೆಯುವ ಈ ಪರೀಕ್ಷೆಯಲ್ಲಿ ಹೋದ ವರ್ಷ, ೧೯೯೫ರಲ್ಲಿ, ಅವರ ತರಗತಿಯೇ ಕೊನೆ. ಈ ಸಲವೂ ಹಾಗಾದರೆ ಕಾಡಂಚಿನ ಶಾಲೆಗೆ ವರ್ಗ ಎಂದು ಹೇಳಿಯಾಗಿದೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋಗುವುದು ಅವರಿಂದಾಗದು.

ಉಳಿಯಲು ಸುಲಭದ ದಾರಿಯೂ ಇದೆ. ಗೈರುಹಾಜರಾದವರು ಸರಾಸರಿಗೆ ಸೇರುವುದಿಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಪರೀಕ್ಷೆಯ ದಿನ ಮನೆಯಲ್ಲೇ ಇರಿ ಎನ್ನುವ ಶಿಕ್ಷಕರಿದ್ದಾರೆ. ಮುಖ್ಯ ಶಿಕ್ಷಕ ರಾಚಯ್ಯನವರು ಈರಮ್ಮನಿಗೂ ಕಾಳಜಿಯಿಂದಲೇ ಅದನ್ನು ಸೂಚಿಸಿದ್ದರು.

“ಪರೀಕ್ಷೆ ದಿನವೇ ಬ್ಯಾಡ ಅಂದ್ರೆ ಆಮೇಲೆ ಯಾಕ್ ಬಂದಾವು ಸಾರ್?” ಎಂದು ಈರಮ್ಮ ಕೇಳಿದ್ದರಂತೆ.

ಹರವೆಯ ರೈತರ ಮಗಳು ಈರಮ್ಮ. ಚಾಮರಾಜನಗರದಲ್ಲಿ ತರಬೇತಿ ಮುಗಿಸಿ ಬಂದಾಗಿನಿಂದ ಇದೇ ಶಾಲೆ. ಪಕ್ಕದೂರಿನ ತರಗತಿಗಳು ಮುಂದಿರುವುದು ಅವರನ್ನು ಕಾಡದೆಯೂ ಇಲ್ಲ. “ನಂಗೇ ಕಲ್ಸಕ್ ಬರಲ್ವೇನೋ ಅನ್ನುಸ್ತದೆ, ಎಷ್ಟೋ ಸಲ.”

ಮಧ್ಯಾಹ್ನ ಪರೀಕ್ಷಾಧಿಕಾರಿ ಒಬ್ಬೊಬ್ಬರನ್ನೇ ಓದಿಸುತ್ತಾರೆ. ಭವ್ಯ ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಬೆವರುತ್ತಾಳೆ. ಅಧಿಕಾರಿ ಗಡಿಯಾರ ನೋಡಿಕೊಂಡು, ಜೂನ್‌ನಲ್ಲಿ ಹೇಗೆ ಓದುತ್ತಿದ್ದಳು ಎಂದು ಕೇಳುತ್ತಾರೆ.

“ಜೂನ್‌ನಲ್ಲಿ ಅವ್ಳ್ ಎಸ್ರು ಬರಿಯಾಕೂ ಬತ್ತಿರ್ಲಿಲ್ಲ ಸಾರ್,” ಎನ್ನುತ್ತಾರೆ ಈರಮ್ಮ.

ಕಾಫಿ ಸುಗ್ಗಿಯಿಂದ ಮರಳಿದ ಉಳಿದ ಮಕ್ಕಳನ್ನೂ ಅಧಿಕಾರಿ ಕರೆದು ಓದಿಸುತ್ತಾರೆ.

ಸರಾಸರಿ ಈ ಸಲವೂ ಕೆಳಗೇ. ಆದರೆ ಅಧಿಕಾರಿ ವರದಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದಾರೆ: ಅಕ್ಷರವಿಲ್ಲದೆ ಬಂದ ಮಕ್ಕಳು ಇಲ್ಲಿ ಓದುತ್ತಿದ್ದಾರೆ, ಈ ಶಿಕ್ಷಕಿಯನ್ನು ಕದಲಿಸಬಾರದು. ಒಂದು ವರ್ಷದ ಮಟ್ಟಿಗೆ ವರ್ಗ ನಿಂತಿದೆ.

ಆಮೇಲೇನು ಎಂದರೆ ಈರಮ್ಮನಿಗೂ ಗೊತ್ತಿಲ್ಲ. ಅವರಿಗಿರುವ ಆಸೆ ಚಿಕ್ಕದು.

“ಮುಂದಿನ್ ಸಲ ಬಸ್ ಇಳ್ದು ಮಕ್ಳು ತಾವೇ ಸ್ಕೂಲ್ ಕಡೆ ನಡುದ್ರೆ ಸಾಕು. ಆ ಚಳೀಲಿ ನಾನ್ ನಿಂತ್ಕಳೋದು ತಪ್ತದೆ.”