ಕಾಕು ಗಾಡಿ ತೊಳೆಯಲಿಲ್ಲ

ಕಾರ್ತಿಕದ ಮೊದಲ ಸೋಮವಾರ, ಬೆಳಗಿನ ಆರು ಗಂಟೆ. ಶಾಲೆಗೆ ಹೊರಡುವ ಮೊದಲು ಪತ್ರಿಕೆಗೆಂದು ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇನೆ.

ಕಾಕುವಿನ ಎಡಗೈ ಮೊಣಕೈಯವರೆಗೆ ಯಾವಾಗಲೂ ಮಣ್ಣಿನ ಬಣ್ಣದ್ದು. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ಆ ಕೈಯನ್ನು ಬಾಗಿಲ ಹೊರಗೆ ಇಳಿಬಿಟ್ಟು ಹೋಗುವುದು ಅವರ ರೂಢಿ. ದನ ಅಡ್ಡ ಬಂದರೆ, ಚಕ್ಕಡಿ ದಾರಿ ಬಿಡದಿದ್ದರೆ, ಅಂಗೈಯಿಂದ ಬಾಗಿಲ ತಗಡನ್ನು ಧಡಧಡ ಬಡಿಯುತ್ತಿದ್ದರು. ಹಾರ್ನು ಕೆಟ್ಟು ವರ್ಷಗಳಾಗಿದ್ದವು. ಇಡೀ ಮೋಟಾರಿನಲ್ಲಿ ಮೂಲ ಬಣ್ಣ ಕಾಣುತ್ತಿದ್ದ ಜಾಗ ಅದೊಂದೇ: ಬಡಿದು ಬಡಿದು ಮಣ್ಣು ಉದುರಿಹೋದ, ರೊಟ್ಟಿಯಗಲದ ಕಪ್ಪು. ಉಳಿದದ್ದೆಲ್ಲ ಎರೆಮಣ್ಣು, ಅದರ ಮೇಲೆ ನಮ್ಮ ಪೇಟೆಯ ಅರಿಶಿಣದ ಧೂಳು.

ಕಾಕು ನಮಗೆ ಬಳಗವಲ್ಲ. ಸಾಂಗ್ಲಿಯ ಪೇಟೆಯಲ್ಲಿ ನಮ್ಮ ಎದುರು ಮನೆಯವರು, ಅರಿಶಿಣದ ಅಂಗಡಿಯ ಸಾವಕಾರರ ವಿಧವೆ. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಗಂಡ ಕೊಂಡಿದ್ದ ಮೋಟಾರು ಅವರ ಪಾಲಿಗೆ ಬಂದಿತ್ತು. ಅಂಗಡಿಯನ್ನು ಮೈದುನ ನೋಡಿಕೊಳ್ಳುತ್ತಿದ್ದ.

ಆ ಗಾಡಿ ಯಾಕೆ ಅಷ್ಟು ಹೊಲಸು ಎಂಬುದಕ್ಕೆ ಓಣಿಯವರ ಬಳಿ ಬೇಕಾದಷ್ಟು ಕಾರಣಗಳಿದ್ದವು. ಜಿಪುಣತನ ಎಂದರು ಕೆಲವರು. ಗಂಡ ಹೋದ ಮೇಲೆ ಯಾವುದರ ಮೇಲೂ ಮನಸ್ಸಿಲ್ಲ ಎಂದರು ಕೆಲವರು. ದೃಷ್ಟಿ ತಾಗದಿರಲೆಂದು ಹಾಗಿಟ್ಟಿದ್ದಾರೆ ಎಂಬುದು ನಮ್ಮ ಅವ್ವನ ಊಹೆ. ಗಾಡಿ ತೊಳೆಯದವರು ಪೇಟೆಯಲ್ಲಿ ಇನ್ನಿಬ್ಬರಿದ್ದರು. ಅವರದು ಶುದ್ಧ ಸೋಮಾರಿತನ, ಅದಕ್ಕೆ ನಾನು ಬೇರೆ ಹೆಸರು ಕೊಡಲಾರೆ. ಕಾಕು ಹಾಗಲ್ಲವೆಂದು ಮಾತ್ರ ನನಗೆ ಗೊತ್ತಿತ್ತು, ಏಕೆಂದರೆ ಅವರ ಅಡಿಗೆಮನೆಯ ತಾಮ್ರದ ಹಂಡೆಯಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು. ಶಾಲೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

“ಬಾವಿ ತುಂಬೇತಿ, ಆಳಮಕ್ಕಳೂ ಅದಾರ, ನನಗ ಪುರಸೊತ್ತೂ ಐತಿ. ತೊಳಿಯಂಗಿಲ್ಲ, ಅಷ್ಟ,” ಎಂದರು ಕಾಕು.

“ಯಾಕ್ರಿ ಕಾಕು?”

“ತೊಳದರ ವಾಡೇದವರ ಕಣ್ಣಿಗೆ ಬೀಳತೈತಿ. ಮರುದಿವಸ ಬಂದು ಒಯ್ತಾರ. ಬರಕೋ, ನಿನ್ನ ವಹ್ಯಾಗ ಬರಕೋ. ಎಲ್ಲಾ ಬರೀತಿಯಲ್ಲಾ!”

ವಾಡೆಯೆಂದರೆ ನಮ್ಮ ಊರಿನ ಒಬ್ಬ ಸರದಾರರ ಮನೆ. ಅಲ್ಲಿಗೆ ಅತಿಥಿಗಳು ಬಂದರೆ, ಮದುವೆಯಾದರೆ, ಬೇಟೆಗೆ ಹೊರಟರೆ, ಪೇಟೆಯ ಮೋಟಾರುಗಳು ಹೋಗಬೇಕು. ಕಾಗದದ ಹುಕುಮು ಇರುತ್ತಿರಲಿಲ್ಲ. ವಾಡೆಯ ಕಾರಕೂನ ಬಂದು, “ಗಾಡಿ ಭಾಳ ಚಂದ ಇಟ್ಟೀರಿ” ಎಂದು ಅಂದರೆ ಸಾಕು. ಒಲ್ಲೆ ಎಂದವರನ್ನು ನಾನು ಕಂಡಿಲ್ಲ. ಕಾಕುವಿನ ಗಂಡ ದಿನಾಲೂ ಗಾಡಿ ತೊಳೆಸಿ, ಎಣ್ಣೆ ಬಟ್ಟೆಯಿಂದ ಉಜ್ಜಿಸುತ್ತಿದ್ದರಂತೆ. ಕರೆ ಬಂದಾಗಲೆಲ್ಲ ಮಾನವೆಂದು ತಿಳಿದು ಕಳಿಸುತ್ತಿದ್ದರಂತೆ. ಒಂದು ಮಧ್ಯಾಹ್ನ ಅವರಿಗೇ ಎದೆನೋವು ಬಂತು. ಗಾಡಿ ವಾಡೆಯವರ ಬೇಟೆಗೆ ಹೋಗಿತ್ತು. ಮಿರಜಿನ ದವಾಖಾನೆಗೆ ತಾಂಗಾದಲ್ಲಿ ಒಯ್ದರು. ದಾರಿ ಅರ್ಧ ಸವೆಯುವುದರೊಳಗೆ ಎಲ್ಲ ಮುಗಿದಿತ್ತು.

“ಹೊಳೀತಿತ್ತಂತ ಒಯ್ದರು. ಅವತ್ತಿನಿಂದ ಹೊಳಪು ಬಂದ್,” ಎಂದು ಕಾಕು ಹೇಳಿದ್ದು ಅಷ್ಟೇ. ಕಣ್ಣೀರು ಹಾಕಲಿಲ್ಲ. ಸಿಟ್ಟು ಇನ್ನೂ ಆರಿರಲಿಲ್ಲ.

ನಾನು ಕೇಳಿದ್ದನ್ನೆಲ್ಲ ನಂಬುವವಳಲ್ಲ. ಅಂದಿನಿಂದ ಒಂದು ವರ್ಷ ದಿನಚರಿಯಲ್ಲಿ ಗುರುತು ಹಾಕುತ್ತ ಬಂದೆ. ಕಾಕುವಿನ ಗಾಡಿಗೆ ಒಂದು ಸಾಲು, ಮೂಲೆಯ ಎಣ್ಣೆ ವ್ಯಾಪಾರಿಯ ಹೊಳೆಯುವ ಗಾಡಿಗೆ ಇನ್ನೊಂದು. ವರ್ಷದ ಕೊನೆಗೆ ನೋಡಿದರೆ ವ್ಯಾಪಾರಿಯ ಗಾಡಿ ಅವನ ಮನೆ ಮುಂದೆ ನಿಂತದ್ದಕ್ಕಿಂತ ವಾಡೆಯ ಮುಂದೆ ನಿಂತದ್ದೇ ಹೆಚ್ಚು. ಕಾಕುವಿನ ಸಾಲಿನಲ್ಲಿ ವಾಡೆಯ ಗುರುತು ಒಂದೂ ಇರಲಿಲ್ಲ. ಇದ್ದದ್ದು ಬೇರೆ: ಲಿಂಗನೂರಿನ ರೈತನ ಹಾವು ಕಡಿದ ಕಾಲು, ಖಂಡೇರಾಜುರಿಯ ಬಾಣಂತಿ, ಮಾಧವನಗರದ ಗಿರಣಿಯಲ್ಲಿ ಬೆರಳು ಕಳೆದುಕೊಂಡವನು, ನಮ್ಮದೇ ಓಣಿಯ ಕೂಸಿನ ಗಂಟಲು ಬೇನೆ. ಯಾರು ಬಂದು ಬಾಗಿಲು ಬಡಿದರೂ ಕಾಕು ಕೇಳುತ್ತಿದ್ದ ಪ್ರಶ್ನೆ ಒಂದೇ. “ಮಲಗಸಬೇಕೋ, ಕುಂದರಸಬೇಕೋ?” ಅದರ ಮೇಲೆ ಡ್ರೈವರ್ ಚಾಚಾ ಹಿಂದಿನ ಸೀಟು ಸಜ್ಜು ಮಾಡುತ್ತಿದ್ದ.

ಮಿರಜಿನ ದಾರಿಯ ನಡುವೆ ಒಂದು ಜಕಾತಿ ನಾಕೆಯಿತ್ತು. ಆಚೆಗೆ ಬೇರೆ ಸಂಸ್ಥಾನ. ಸರಕು, ಸಾಮಾನು ನೋಡದೆ ಅಡ್ಡಗೋಲು ಎತ್ತುತ್ತಿರಲಿಲ್ಲ. ಕಾಕುವಿನ ಮಣ್ಣು ಮೆತ್ತಿದ ಗಾಡಿ ದೂರದಲ್ಲಿ ಕಂಡರೆ ಮಾತ್ರ ಸಿಪಾಯಿ ಮೊದಲೇ ಅಡ್ಡಗೋಲು ಎತ್ತಿ ಹಿಡಿಯುತ್ತಿದ್ದ. ಒಳಗೆ ಯಾರೋ ನರಳುತ್ತಿರುತ್ತಾರೆಂದು ಅವನಿಗೆ ಗೊತ್ತಿತ್ತು.

ಒಂದು ಖಂಡೇನವಮಿಯ ದಿನ ಕಾಕು ಮಾಧವನಗರದ ನೆಂಟರ ಮನೆಗೆ ತಾಂಗಾದಲ್ಲಿ ಹೋಗಿದ್ದರು. ಗಾಡಿಯ ಚಕ್ರವೊಂದು ರಿಪೇರಿಯಲ್ಲಿತ್ತು. ಚಕ್ರ ಬಂದದ್ದೇ ತಡ, ಮೈದುನ ಗಾಡಿಯನ್ನು ಬಾವಿಯ ಹತ್ತಿರ ತರಿಸಿ ಆಳುಗಳಿಗೆ ನೀರು ಸೇದಲು ಹೇಳಿದ.

“ಕಾಕೂಗ ಕೇಳರಿ ಸಾವಕಾರ,” ಎಂದ ಚಾಚಾ.

“ಖಂಡೇನವಮಿ ದಿವಸ ಆಯುಧ ತೊಳೀದೇ ಪೂಜಾ ಮಾಡತಾರೇನೋ?” ಎಂದು ಮೈದುನ ಅವನ ಬಾಯಿ ಮುಚ್ಚಿಸಿದ.

ಮಧ್ಯಾಹ್ನ ಕಾಕು ತಾಂಗಾದಿಂದ ಇಳಿದಾಗ ಗಾಡಿ ಕನ್ನಡಿಯಂತೆ ನಿಂತಿತ್ತು. ಚೆಂಡುಹೂವಿನ ಮಾಲೆ ಬೇರೆ. ನಾವೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು.

“ಯಾರ ಗಾಡಿ ಇದು?”

“ನಮ್ಮದ ವೈನಿ,” ಎಂದ ಮೈದುನ.

“ಇವತ್ತ ನಮ್ಮದು. ನಾಳೆ?”

ಮೈದುನ ಚೆಂಡುಹೂವಿನ ಮಾಲೆ ಸರಿಪಡಿಸತೊಡಗಿದ. ನಾಳೆ ದಸರೆಯ ಮೆರವಣಿಗೆಗೆ ವಾಡೆಯ ಅತಿಥಿಗಳಿಗಾಗಿ ಗಾಡಿ ಕಳಿಸುತ್ತೇನೆಂದು ಮಾತು ಕೊಟ್ಟಿದ್ದನಂತೆ. ಬನ್ನಿ ಕೊಡುವ ಹೊತ್ತಿಗೆ ವಾಡೆಯ ಒಳಗೆ ಕೂಡುವ ಮಾನ ಅವನಿಗೆ ಸಿಗುವುದರಲ್ಲಿತ್ತು.

“ಮಾತ ಕೊಟ್ಟಾಂವ ನೀನು. ನಿನ್ನ ಮಾತ ಕಳಸು. ಗಾಡಿ ಬರಂಗಿಲ್ಲ,” ಎಂದು ಕಾಕು ಒಳಗೆ ಹೋದರು.

ಅಂದೇ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಅಕ್ಕನಿಗೆ ನೋವು ವಿಪರೀತವಾಯಿತು. ಚೊಚ್ಚಲ ಹೆರಿಗೆಗೆ ಬಂದಿದ್ದಳು. ಸೂಲಗಿತ್ತಿ ಹೊರಗೆ ಬಂದು ಅವ್ವನಿಗೆ ಹೇಳಿದಳು: “ಕೂಸು ಕಾಲ ಮುಂದ ಮಾಡೇತಿ. ನನ್ನ ಕೈಲಿ ಆಗೂದಲ್ಲ. ಮಿರ್ಜಿಗೆ ಒಯ್ರಿ.” ನಾನು ಓಡಿ ಹೋಗಿ ಎದುರು ಬಾಗಿಲು ಬಡಿದೆ. ಕಾಕು ಕೈಯಲ್ಲಿನ ರೊಟ್ಟಿ ಬಿಟ್ಟು ಎದ್ದರು. ಹಿಂದಿನ ಸೀಟಿನಲ್ಲಿ ಅಕ್ಕ, ಸೂಲಗಿತ್ತಿ, ಅವ್ವ. ಕಂದೀಲು ಹಿಡಿದು ನಾನು ಅವರ ಕಾಲ ಬಳಿ.

ನಾಕೆಯ ಅಡ್ಡಗೋಲು ಇಳಿದೇ ಇತ್ತು. ಬೀಗ ಹಾಕಿತ್ತು. ಸಿಪಾಯಿ ಗಾಡಿಯ ಹೊಳಪನ್ನೂ ಹೂವಿನ ಮಾಲೆಯನ್ನೂ ಕಂಡು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ ಮುಜುರೆ ಮಾಡಿ ನಿಂತುಬಿಟ್ಟ. ವಾಡೆಯ ಗಾಡಿ ಮಿರಜ ಸ್ಟೇಶನ್ನಿಗೆ ಅತಿಥಿಗಳನ್ನು ಕರೆತರಲು ಹೊರಟಿದೆಯೆಂದೇ ಅವನ ತಿಳಿವಳಿಕೆ.

“ಸ್ವಲ್ಪ ತಡೀರಿ ಸರಕಾರ. ನಾಕಾ ಸಾಹೇಬರು ತಲಿಗೆ ಪಟಗಾ ಸುತ್ತಗೊಳ್ಳಾಕ ಹತ್ಯಾರ. ಹಾರ ಹಾಕಿ ಅಡ್ಡಗೋಲು ಎತ್ತತಾರ.”

“ಏ, ತಲಿ ಎತ್ತಿ ನೋಡೋ!” ಕಾಕು ಬಾಗಿಲು ಬಡಿದರು. “ಯಾವ ಸರಕಾರೋ? ನಾನು! ಹೊಲಸ ಗಾಡಿ ಮುದುಕಿ!”

ಅವನು ತಲೆ ಎತ್ತಿದ. “ಅಯ್ಯ ಕಾಕು, ನೀವ? ಗಾಡಿ ಹೊಳ್ಯಾಕ ಹತ್ತೇತಲ್ರಿ!”

“ನನ್ನ ಹಣೇಬಾರ! ಕೀಲಿ ತಾ!”

ಕೀಲಿ ಒಳಗಿನ ಸಾಹೇಬರ ಹತ್ತಿರ. ಸಿಪಾಯಿ ಓಡಿದ. ಅಷ್ಟರಲ್ಲಿ ಅಕ್ಕ ಜೋರಾಗಿ ಕೂಗಿದಳು. ಸೂಲಗಿತ್ತಿ, “ದೀಪ ಗಟ್ಟಿ ಹಿಡಿ, ತಂಗಿ, ಇಲ್ಲೇ ಆಗತೈತಿ,” ಎಂದಳು. ನಾಕೆಯ ಸಾಹೇಬರು ಪಟಗದ ಒಂದು ತುದಿ ಹೆಗಲ ಮೇಲೆ ಜೋತು ಬಿದ್ದಿರುವಂತೆಯೇ, ಕೈಯಲ್ಲಿ ಹಾರ ಹಿಡಿದು ಹೊರಗೆ ಬಂದಾಗ ಅವರಿಗೆ ಕೇಳಿದ್ದು ಕೂಸಿನ ಅಳು. ಹೆಣ್ಣು ಕೂಸು. ಸಾಹೇಬರು ಹಾರ ಅಲ್ಲೇ ಬಿಟ್ಟು ತಾವೇ ಅಡ್ಡಗೋಲು ಎತ್ತಿದರು. ಅವರದೇನೂ ದುಷ್ಟತನವಲ್ಲ. ಹೊಳೆಯುವ ಗಾಡಿಗೆ ಹೇಗೆ ನಡೆದುಕೊಳ್ಳಬೇಕೆಂದು ಅವರಿಗೆ ಯಾರು ಕಲಿಸಿದ್ದರೋ ಹಾಗೆ ನಡೆದುಕೊಂಡಿದ್ದರು.

ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಚಾಚಾ ಗಾಡಿ ಹೇಗೆ ಓಡಿಸಿದನೋ ಅವನಿಗೇ ಗೊತ್ತು. ದವಾಖಾನೆಯವರು ಅವಳನ್ನು ಉಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ನಾನೂ ಕಾಕುವೂ ಸಾಂಗ್ಲಿಗೆ ಮರಳಿದೆವು. ಅವ್ವ ಅಕ್ಕನ ಹತ್ತಿರ ಉಳಿದಳು. ಮನೆ ಮುಂದೆ ವಾಡೆಯ ಕಾರಕೂನ ಆಗಲೇ ಬಂದು ನಿಂತಿದ್ದ, ಗಾಡಿಗೆ ಕಟ್ಟುವ ಜರತಾರಿ ನಿಶಾನಿಯ ಬಾವುಟ ಹಿಡಿದು. ಮೈದುನ ಅವನ ಪಕ್ಕದಲ್ಲಿ ಹೊಸ ಕೋಟು ತೊಟ್ಟು ನಿಂತಿದ್ದ.

“ಒಯ್ತೇವ್ರಿ ಕಾಕು,” ಎಂದ ಕಾರಕೂನ.

“ಒಯ್ರಿ. ಮೊದಲ ಬಾಗಲಾ ತಗದು ಒಳಗ ನೋಡ್ರಿ.”

ಅವನು ನೋಡಿದ. ಧೋತರದ ಅಂಚು ಎತ್ತಿ ಹಿಂದೆ ಸರಿದು, “ಹೇ ಕಾಯ?” ಎಂದ. ಇದೇನೆಂದು ಕೇಳಿದ್ದು; ಗಾಬರಿಯಾದಾಗ ಅವನಿಗೆ ಮರಾಠಿಯೇ ಬರುತ್ತಿತ್ತು.

“ನಿನ್ನಿ ಸಂಜೀಕ ಒಬ್ಬಾಕಿ ಹೆಣ್ಣಮಗಳು ಇದರಾಗ ಹಡದಾಳ. ನಾವು ಲಿಂಗವಂತರು, ನಮಗ ಹಡದ ಸೂತಕಿಲ್ಲ. ನಾ ಇದರಾಗ ಕುಂತು ಊಟಾನೂ ಮಾಡತೇನಿ. ನಿಮ್ಮ ವಾಡೇಕ ಬಂದ ಪಾವ್ಹಣ್ಯಾರಿಗೆ ನಡೀತೈತೇನು ಕೇಳಕೊಂಡ ಬರ್ರಿ. ನಡೀತೈತಂದ್ರ ನಾನ ನಿಶಾನಿ ಕಟ್ಟಿ ಕಳಸತೇನಿ.”

“ತೊಳದು ಕೊಡ್ರಿ ಹಂಗಾರ,” ಎಂದ ಕಾರಕೂನ.

“ತೊಳಿಯಂಗಿಲ್ಲ.”

“ಯಾಕ್ರಿ?”

“ನನ್ನ ಗಾಡಿ ಅಂತ.”

ದಸರೆಯ ದಿನ, ಸೂತಕದ ಗಾಡಿ, ವಾಡೆಯ ಅತಿಥಿಗಳು. ಕಾರಕೂನ ಮೂರನ್ನೂ ತೂಗಿ ನೋಡಿ ನಿಶಾನಿ ಸುತ್ತಿಕೊಂಡು ಹೊರಟ. ಓಣಿಯ ತಿರುವಿನಲ್ಲಿ ನಿಂತು, ಯಾರಿಗೂ ಕೇಳಿಸಬಾರದೆಂಬಂತೆ, “ಬಾಳಂತೀಣ ಹೆಂಗದಾಳ್ರಿ?” ಎಂದು ಕೇಳಿದ.

“ಜೀವಂತ ಅದಾಳ,” ಎಂದರು ಕಾಕು.

“ಮರ್ಯಾದಿ ಕಳದ್ರಿ ವೈನಿ,” ಎಂದ ಮೈದುನ.

“ಹೋದರ ನಿನ್ನದು ಹೋಗೇತಿ. ನನ್ನದು ಮಿರ್ಜಿ ದವಾಖಾನಿಯೊಳಗ ಹಾಲ ಕುಡ್ಯಾಕ ಹತ್ತೇತಿ.”

ಅನಂತರ ಕಾಕು ಸೆರಗು ಸಿಕ್ಕಿಸಿ, ಕೊಡ ತೆಗೆದುಕೊಂಡು ಹಿಂದಿನ ಸೀಟನ್ನು ತಾವೇ ತೊಳೆದರು. ಆಳುಗಳ ಕೈಗೆ ಕೊಡಲಿಲ್ಲ. ಆ ಸೀಟನ್ನು ಅವರು ಪ್ರತಿ ರೋಗಿಯ ನಂತರ ಸೀಗೆಪುಡಿ ಹಾಕಿ ಉಜ್ಜಿ, ಒಗೆದ ದುಪ್ಪಟಿ ಹಾಸುತ್ತಿದ್ದರೆಂದು ಒಳಗೆ ಮಲಗಿ ಹೋದವರಿಗೆಲ್ಲ ಗೊತ್ತು. ದಾರಿಯಲ್ಲಿ ನಿಂತು ನೋಡಿ ಆಡಿಕೊಂಡವರಿಗೆ ಗೊತ್ತಿರಲಿಲ್ಲ. ಸೀಟು ಒಣಗಿದ ಮೇಲೆ ಚಾಚಾನಿಗೆ ಹೇಳಿದರು: “ಲಿಂಗನೂರ ಹಾದಿ ಹಿಡಿ. ಹಿಂಗಾರಿ ಮಳಿ ಆಗೇತಿ. ಕೆಸರ ಎಲ್ಲಿ ಐತೋ ಅಲ್ಲಿ ಹೊಡಿ.” ಸಂಜೆ ಗಾಡಿ ಬಂದಾಗ ಅದರ ಬಣ್ಣ ಯಾವುದೆಂದು ಯಾರೂ ಹೇಳುವಂತಿರಲಿಲ್ಲ. ನಾಕೆಯ ಸಿಪಾಯಿಗೆ ಮುಂದೆ ಗುರುತು ತಪ್ಪಲಿಲ್ಲ.

ಕಾಕು ಈ ವರ್ಷ ಭಾದ್ರಪದದಲ್ಲಿ ಜ್ವರದಿಂದ ತೀರಿಕೊಂಡರು. ಹೋಗುವ ಹಿಂದಿನ ದಿನ ನಾನು ಪಕ್ಕದಲ್ಲಿ ಕೂತಿದ್ದಾಗ, “ನಾ ಹೋದ ಮ್ಯಾಲ ತೊಳೀತಾನ ನೋಡು,” ಎಂದು ಹೇಳಿ, ನಗಲು ಹೋಗಿ ಕೆಮ್ಮಿದರು.

ತೊಳೆದ. ಹದಿನಾಲ್ಕನೆಯ ದಿನ ಮೈದುನ ತೊಳೆದು, ಹೊಸ ಬಣ್ಣವನ್ನೂ ಹಚ್ಚಿಸಿದ. ಚಾಚಾ ಅದೇ ವಾರ ಕೆಲಸ ಬಿಟ್ಟು ಮಾಧವನಗರದ ಗಿರಣಿಯ ಲಾರಿಗೆ ಹೋದ. ಗಾಡಿ ಈಗ ಹೆಚ್ಚಾಗಿ ವಾಡೆಯ ಮುಂದೆ ನಿಂತಿರುತ್ತದೆ. ನಿನ್ನೆಗೆ ಎಂಟು ದಿನವಾಯಿತು, ನಮ್ಮ ಓಣಿಯ ಹೂಗಾರರ ಮಗಳನ್ನು ನೋವಿನಲ್ಲಿ ಚಕ್ಕಡಿಯ ಮೇಲೆ ಮಿರಜಿಗೆ ಒಯ್ದರು. ಅವಳು ಬದುಕಿದಳು. ಕೂಸು ಉಳಿಯಲಿಲ್ಲ. ಆ ಹೊತ್ತಿನಲ್ಲಿ ಗಾಡಿ ಎಲ್ಲಿತ್ತೆಂದು ಕೇಳಲು ನಾನು ಮೈದುನನ ಅಂಗಡಿಗೆ ಹೋದೆ.

“ತಂಗಿ, ಗಾಡಿ ನೋಡಿಯೇನು, ಹೆಂಗ ಹೊಳೀತೈತಿ!” ಎಂದ.

“ಅದನ್ನ ಕೇಳಾಕ ಬಂದೇನ್ರಿ,” ಎಂದೆ.

ಅವನು ತಕ್ಕಡಿಯ ಕಡೆಗೆ ತಿರುಗಿದ.

ಸಂಸ್ಥಾನದ ದಿವಾನರಿಗೆ ಅರ್ಜಿ ಬರೆದಿದ್ದೇನೆ. ಬೇಡಿಕೆ ಒಂದೇ: ರೋಗಿಗಳನ್ನು ಮಿರಜಿಗೆ ಒಯ್ಯುವ ಗಾಡಿಯನ್ನು, ಅದು ಹೊಳೆಯಲಿ ಹೊಳೆಯದಿರಲಿ, ಯಾರೂ ಬೇರೆ ಕೆಲಸಕ್ಕೆ ಕರೆಯಕೂಡದು. ಹೀಗೆ ಬರೆದರೆ ಶಾಲೆಯ ಕೆಲಸ ಉಳಿಯುವುದಿಲ್ಲವೆಂದು ಹಿತೈಷಿಗಳು ಹೇಳುತ್ತಿದ್ದಾರೆ. ಹೇಳಲಿ. ಅರ್ಜಿಯಲ್ಲಿ ನನ್ನ ಹೆಸರಿನ ಕೆಳಗೆ ಅಕ್ಕ ಸಹಿ ಮಾಡಿದ್ದಾಳೆ. ಅದರ ಕೆಳಗೆ ಅವಳ ಮಗಳು. ಇನ್ನೂ ಅಕ್ಷರ ಬಾರದ್ದರಿಂದ ಹೆಬ್ಬೆಟ್ಟು ಒತ್ತಿದ್ದಾಳೆ.

ಅದರ ಕೆಳಗೆ ಜಾಗ ಖಾಲಿಯಿದೆ. ಆ ಹೊಲಸು ಗಾಡಿಯ ಹಿಂದಿನ ಸೀಟಿನಲ್ಲಿ ಒಮ್ಮೆಯಾದರೂ ಮಲಗಿ ಹೋದವರು, ಅಥವಾ ತಮ್ಮವರನ್ನು ಮಲಗಿಸಿ ಕಳಿಸಿದವರು ಇದನ್ನು ಓದುತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಯಾವ ಊರು, ಯಾರು, ಏನಾಗಿತ್ತು, ಇಷ್ಟು ಸಾಕು. ಹೆಸರು ಹಾಕಲು ಅಂಜಿಕೆಯಿದ್ದವರು ಊರನ್ನಷ್ಟೇ ಬರೆಯಿರಿ. ಅರ್ಜಿ ಹಿಡಿದು ದಿವಾನರ ಬಾಗಿಲಲ್ಲಿ ನಿಲ್ಲುವವಳು ನಾನು.